ನರಿಯ ಮನೆಗೆ ಬಂದ ಕೊಕ್ಕರೆ

ನಮ್ಮೂರಲ್ಲಿ ಹೆಣ್ಣು ನೋಡಲು ಬಂದವರು ಜಾತಕ ಕೇಳುವುದಿಲ್ಲ. ಕಾಫಿ ಲೋಟ ಕೆಳಗಿಡುವ ಮೊದಲೇ "ಹುಡುಗಿ ಯಾವ ಚಿತ್ರ?" ಅನ್ನುತ್ತಾರೆ. ಆಮೆ ಎಂದರೆ ಅವರ ಮುಖ ಅರಳುತ್ತದೆ. ಆಮೆ ಚಿತ್ರದವರು ಎಲ್ಲಿಗೆ ಹೊರಟರೂ ತಡವಾಗಿಯೇ ಹೊರಡುತ್ತಾರೆ, ಆದರೂ ಬಸ್ಸು ಅವರಿಗಾಗಿ ನಿಂತಿರುತ್ತದೆ. ಕಾಗೆ ಎಂದರೆ ಸ್ವಲ್ಪ ಯೋಚಿಸುತ್ತಾರೆ. ಕಾಗೆ ಚಿತ್ರದವರನ್ನು ಯಾರಾದರೂ ಹೊಗಳಿದರೆ ಬಾಯಲ್ಲಿದ್ದ ತುತ್ತು ಕೆಳಗೆ ಬಿದ್ದುಹೋಗುತ್ತದೆ, ಹಾಗಾಗಿ ಅಂಥವರ ಮನೆಯಲ್ಲಿ ಊಟದ ಹೊತ್ತಿಗೆ ಯಾರೂ ಒಳ್ಳೆಯ ಮಾತಾಡುವ ಹಾಗಿಲ್ಲ. ಕಪ್ಪೆ ಚಿತ್ರದವರಿಗೆ ಸಿಟ್ಟು ಬಂದರೆ ಅಂಗಿಯ ಗುಂಡಿ ಕಿತ್ತುಹೋಗುತ್ತದೆ. ಇದೆಲ್ಲ ನಮಗೆ ಒಂದು ವಿಷಯವೇ ಅಲ್ಲ. ಗುಂಡಿ ಹೊಲಿದುಕೊಂಡು ಬದುಕುತ್ತೇವೆ.

ಚಿತ್ರಗಳಿರುವುದು ಫ್ರೆಂಚರ ಪುಸ್ತಕದಲ್ಲಿ. ಕಂದು ಚರ್ಮದ ರಟ್ಟು, ಮಣೆಯಷ್ಟು ದಪ್ಪ, ತೆಗೆದರೆ ಹಳೇ ಪೆಟ್ಟಿಗೆಯ ವಾಸನೆ. ಯಾವ ಕಾಲದಲ್ಲಿ ಯಾರು ತಂದರೋ ಗೊತ್ತಿಲ್ಲ. ಪಾದ್ರಿಯೊಬ್ಬ ತಂದ ಅನ್ನುವವರಿದ್ದಾರೆ, ಜ್ವರ ಬಂದು ಇಲ್ಲೇ ಸತ್ತ ದಂಡಿನವನೊಬ್ಬನ ಗಂಟಿನಲ್ಲಿ ಸಿಕ್ಕಿತು ಅನ್ನುವವರೂ ಇದ್ದಾರೆ. ಅದರ ಅಕ್ಷರ ಓದಬಲ್ಲವರು ನಮ್ಮೂರಲ್ಲಿ ಇದುವರೆಗೆ ಹುಟ್ಟಿಲ್ಲ. ಆದರೆ ಕಥೆಗೊಂದರಂತೆ ಪುಟ ತುಂಬ ಚಿತ್ರ ಇದೆ, ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ್ದು. ತಗಡು ಒತ್ತಿದ ಕಡೆ ಕಾಗದ ಒಂಚೂರು ತಗ್ಗಾಗಿರುವುದು ಬೆರಳಾಡಿಸಿದರೆ ಸಿಗುತ್ತದೆ. ಒಂದೊಂದು ಚಿತ್ರದ ಮೇಲೂ ಈರುಳ್ಳಿ ಸಿಪ್ಪೆಯಂಥ ತೆಳು ಕಾಗದದ ಮುಸುಕು. ಮುಂದುಗಡೆ ಪ್ರಾಣಿಗಳು ತಮ್ಮ ಜಗಳದಲ್ಲಿ ಮುಳುಗಿರುತ್ತವೆ. ಹಿಂದೆ ದೂರದಲ್ಲಿ ಗೋಪುರದ ಮನೆ, ಸೇತುವೆ, ಉಗುರಿನಷ್ಟು ಗಾತ್ರದ ಮನುಷ್ಯರು ಬಟ್ಟೆ ಒಗೆಯುತ್ತಲೋ ಮೀನು ಹಿಡಿಯುತ್ತಲೋ ಇರುತ್ತಾರೆ. ಕಾಗೆಯ ಬಾಯಲ್ಲಿರುವ ದುಂಡನೆ ವಸ್ತು ಏನೆಂದು ನಮ್ಮೂರಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಮೇಲಿನ ಬೀದಿಯವರು ಬೆಣ್ಣೆ ಮುದ್ದೆ ಅನ್ನುತ್ತಾರೆ, ಕೆಳಗಿನ ಬೀದಿಯವರು ಬೆಲ್ಲದಚ್ಚು ಅನ್ನುತ್ತಾರೆ, ಇದೇ ಕಾರಣಕ್ಕೆ ಒಂದೆರಡು ಸಂಬಂಧ ಮುರಿದದ್ದೂ ಉಂಟು.

ಮಗುವಿಗೆ ಹೆಸರಿಡುವ ದಿನ ಅದನ್ನು ಪುಸ್ತಕವಿರುವ ಚಿತ್ರದ ಮನೆಗೆ ಎತ್ತಿಕೊಂಡು ಹೋಗುತ್ತಾರೆ. ಪುಸ್ತಕ ಕಾಯುವವರು ಕಣ್ಣು ಮುಚ್ಚಿ ಒಂದು ಪುಟ ತೆಗೆದು, ಮುಸುಕಿನ ಕಾಗದ ಎತ್ತಿ, ಮಗುವಿನ ಹೆಬ್ಬೆರಳನ್ನು ಚಿತ್ರದ ಮೇಲೆ ಇಳಿಸುತ್ತಾರೆ. ಬೆರಳು ಯಾವ ಪ್ರಾಣಿಯ ಮೇಲೆ ಬಿತ್ತೋ ಮಗು ಅದರದ್ದು. ನನ್ನ ಬೆರಳು ನರಿಯ ಮೇಲೆ ಬಿತ್ತು. ಮಾರನೇ ವರ್ಷ ಅದೇ ಪುಟ ತೆರೆದುಕೊಂಡು ಎದುರು ಮನೆಯ ವನಜಾಕ್ಷಿಯ ಬೆರಳು ಕೊಕ್ಕರೆಯ ಮೇಲೆ ಬಿತ್ತು.

ಆ ಚಿತ್ರ ನನಗೆ ಬಾಯಿಪಾಠ. ತೋಟದ ನಡುವೆ ಒಂದು ಮೇಜು, ಅದರ ಮೇಲಿನ ಬಿಳಿ ಬಟ್ಟೆ ನೆಲದವರೆಗೆ ಇಳಿಬಿದ್ದಿದೆ. ಮೇಜಿನ ಮೇಲೆ ಅಗಲವಾದ ತಟ್ಟೆ, ತಟ್ಟೆಯಲ್ಲಿ ತೆಳ್ಳಗೆ ಗಂಜಿಯಂಥದ್ದು ಏನೋ. ನರಿ ಮುಂಗಾಲು ಊರಿ ನೆಕ್ಕುತ್ತಿದೆ. ಕೊಕ್ಕರೆ ಎದುರಿಗೆ ನಿಂತಿದೆ. ಅದರ ಉದ್ದನೆಯ ಕೊಕ್ಕಿನ ತುದಿ ತಟ್ಟೆಗೆ ತಾಗಿದೆ, ಆದರೆ ಒಂದು ಹನಿಯೂ ಸಿಗುತ್ತಿಲ್ಲ. ಕೊರೆದವನು ನರಿಯ ಬಾಲಕ್ಕೆ ಲೆಕ್ಕವಿಲ್ಲದಷ್ಟು ಗೆರೆ ಖರ್ಚು ಮಾಡಿದ್ದಾನೆ, ಕೊಕ್ಕರೆಯ ಕಣ್ಣನ್ನು ಮಾತ್ರ ಒಂದೇ ಚುಕ್ಕೆಯಲ್ಲಿ ಮುಗಿಸಿಬಿಟ್ಟಿದ್ದಾನೆ. ಆ ಚುಕ್ಕೆ ಕಂಡರೆ ನಾನು ಈಗಲೂ ಮುಸುಕಿನ ಕಾಗದ ಇಳಿಸಿಬಿಡುತ್ತೇನೆ.

ಚಿತ್ರ ಹೇಗಿತ್ತೋ ನಮ್ಮ ಬಾಳು ಹಾಗೇ ಆಯಿತು. ನಾನಿರುವ ಸೂರಿನಡಿ ವನಜಾಕ್ಷಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನೀರು ಇಳಿಯುತ್ತಿತ್ತು, ಅಷ್ಟೇ. ಚಿಕ್ಕಂದಿನಲ್ಲಿ ಅವರ ಮನೆಯಲ್ಲಿ ಆಡಲು ಹೋಗಿ, ಹಬ್ಬದ ಊಟಕ್ಕೆ ಕೂರಿಸಿದಾಗ ನಾನು ಎರಡು ಹೋಳಿಗೆ ಬಾರಿಸಿದೆ. ಅವಳು ಒಂದು ಚೂರು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಳು. ದೊಡ್ಡವರು ನನ್ನ ರೆಟ್ಟೆ ಹಿಡಿದು ಬೀದಿ ದಾಟಿಸಿದರು. ಅವಳು ಆಮೇಲೆ ಚೆನ್ನಾಗಿ ಉಂಡಳಂತೆ. ನಾನು ನಮ್ಮ ಜಗಲಿಯ ಮೇಲೆ ಕೂತು ಅವರ ಬಾಗಿಲನ್ನೇ ನೋಡುತ್ತಿದ್ದೆ.

ನೋಡುತ್ತಲೇ ದೊಡ್ಡವನಾದೆ. ಪಾತ್ರೆಗಳಿಗೆ ಕಲಾಯಿ ಹಾಕುವ ಕಸುಬು ಕಲಿತೆ. ವನಜಾಕ್ಷಿಗೆ ತಾಯಿ ತಂದೆ ಬೇಗ ಹೋಗಿಬಿಟ್ಟರು. ಅವಳು ಸೋದರತ್ತೆ ಮರುಳಮ್ಮನ ಜೊತೆ ಅದೇ ಬೀದಿಯ ಚಿತ್ರದ ಮನೆಯಲ್ಲಿ ಇರತೊಡಗಿದಳು. ಆಗ ಪುಸ್ತಕ ಕಾಯುತ್ತಿದ್ದದ್ದು ಆ ಮರುಳಮ್ಮನೇ. ಪುಟಗಳಿಗೆ ಗಾಳಿಯಾಡಿಸುವುದು, ಹುಳ ಬೀಳದ ಹಾಗೆ ಬೇವಿನೆಲೆ ಇಡುವುದು, ಹರಿದ ಮುಸುಕು ಬದಲಾಯಿಸುವುದು ವನಜಾಕ್ಷಿಯ ಕೆಲಸ. ನಾನು ಊಟದ ಹೊತ್ತು ತಪ್ಪಿಸಿ ಅಲ್ಲಿಗೆ ಹೋಗುತ್ತಿದ್ದೆ. ಚಿತ್ರ ನೋಡುವ ನೆಪ. ಅವಳು ಪುಟ ತಿರುವುತ್ತಾ, ಯಾವ ಸೇತುವೆಯ ಮೇಲೆ ಯಾರು ನಿಂತಿದ್ದಾರೆ, ಯಾವ ಕಿಟಕಿಯಲ್ಲಿ ಹೆಂಗಸೊಬ್ಬಳು ಇಣುಕುತ್ತಿದ್ದಾಳೆ ಎಂದೆಲ್ಲ ತೋರಿಸುತ್ತಿದ್ದಳು. ಒಳಗೆ ಒಗ್ಗರಣೆ ಸಿಡಿದ ಸದ್ದಾಯಿತೆಂದರೆ ನಾನು ಏಳಬೇಕು. ದಿನ ಹೋದಂತೆ ಆ ಮನೆಯಲ್ಲಿ ಒಲೆ ಹೊತ್ತುವುದೇ ತಡವಾಗತೊಡಗಿತು. ಮೊದಲು ಹನ್ನೆರಡಾಯಿತು, ಆಮೇಲೆ ಮಧ್ಯಾಹ್ನ ಇಳಿದ ಮೇಲೆ. ವನಜಾಕ್ಷಿಯ ಕೊರಳ ಮೂಳೆ ಎದ್ದು ಕಾಣುತ್ತಿದೆಯೆಂದು ನನಗೆ ಹೊಳೆಯುವ ಮೊದಲೇ ಮರುಳಮ್ಮನಿಗೆ ಹೊಳೆದಿತ್ತು.

"ದೊರೆಸ್ವಾಮಿ, ನಿನ್ ಮೇಲೆ ನನಗೆ ಏನೂ ಬೇಜಾರಿಲ್ಲ ಕಣಪ್ಪ," ಎಂದರು ಮರುಳಮ್ಮ, ನನ್ನನ್ನು ಜಗಲಿಯ ತುದಿಗೆ ಕರೆದು. "ನೀನು ಒಳ್ಳೆಯವನೇ. ಆದ್ರೆ ಹೆಣ್ಣನ್ನ ಉಪವಾಸ ಇರೋಕೆ ಅಂತ ಒಬ್ಬರ ಮನೆಗೆ ಕಳಿಸೋಕಾಗುತ್ತಾ? ನೀನೇ ಹೇಳು."

"ನಾನು ಅಂಗಡೀಲೇ ಉಣ್ತೀನಿ ಮರುಳಮ್ಮೋರೆ. ರಾತ್ರಿ ಅಷ್ಟೇ ಮನೆಗೆ ಬರ್ತೀನಿ."

"ಜ್ವರ ಬಂದು ನೀನು ಮನೇಲಿ ಮಲಗಿದ್ರೆ? ಮಳೆ ಹಿಡಿದು ಹೊರಗೆ ಕಾಲಿಡೋಕೆ ಆಗದೇ ಇದ್ರೆ? ಅವಳು ಬಸುರಿಯಾದ್ರೆ? ಸಂಸಾರ ಅಂದ್ರೆ ಎರಡು ಹೊತ್ತು ಊಟ ಕಣೋ. ಬೇರೇದೆಲ್ಲ ಆಮೇಲಿನ ಮಾತು."

ನಾನು ಹೋಗುವುದನ್ನು ನಿಲ್ಲಿಸಿದೆ. ಅವಳ ಕೊರಳು ಮತ್ತೆ ತುಂಬಿಕೊಂಡದ್ದನ್ನು ಬೀದಿಯ ಈ ಕಡೆಯಿಂದ ನೋಡಿದೆ. ಸಮಾಧಾನವೂ ಆಯಿತು, ನಾನಿಲ್ಲದೆಯೂ ಚೆನ್ನಾಗಿದ್ದಾಳಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ಅವಳನ್ನು ಕೇಳಿಕೊಂಡು ಇರುವೆ ಚಿತ್ರದವನೊಬ್ಬ ಬಂದ, ಎತ್ತಿನ ಚಿತ್ರದವನೊಬ್ಬ ಬಂದ. ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿದಳು. ನಾನು ಅಂಗಡಿಯಲ್ಲಿ ಕೂತು, ಅಗಲ ಬಾಯಿಯ, ಉದ್ದ ಕತ್ತಿನ, ಒಂದು ಕಡೆ ತಟ್ಟೆ ಒಂದು ಕಡೆ ಹೂಜಿ ಆಗಿರುವ ಎಂಥೆಂಥವೋ ಪಾತ್ರೆ ಬಡಿದು ನೋಡಿದೆ. ಅದರಲ್ಲಿ ಗಂಜಿ ಹಾಕಿ ಅವಳಿಗೆ ಕಳಿಸಿ, ನಾನು ಅವರ ಹಿತ್ತಿಲ ಕಡೆಯ ಸೂರಿನಡಿ ನಿಂತು ಕಾಯುವುದು. ಗಂಜಿ ಹಾಗೇ ವಾಪಸು ಬರುತ್ತಿತ್ತು. ಪಾತ್ರೆಯನ್ನು ಮಾತ್ರ ತೊಳೆದು ಥಳಥಳ ಹೊಳೆಯಿಸಿ ಕಳಿಸುತ್ತಿದ್ದಳು. ನನ್ನ ಮೀಸೆಯಲ್ಲಿ ಬಿಳಿ ಕೂದಲು ಕಾಣಿಸಿಕೊಳ್ಳುವವರೆಗೂ ಹೀಗೇ ನಡೆಯಿತು.

ಆ ವರ್ಷ ಹಳೇ ಪುಸ್ತಕ ಮಾರುವ ಗೌಸ್ ಸಾಹೇಬರು ತಮ್ಮ ಬಿರಿಯಾನಿ ಹಂಡೆಗೆ ಕಲಾಯಿ ಹಾಕಿಸಲು ಬಂದರು. ಸಮುದ್ರದ ಕಡೆಯ ಯಾವುದೋ ಬಂಗಲೆಯ ಸಾಮಾನು ಹರಾಜಾಯಿತಂತೆ, ಅಲ್ಲಿಂದ ಒಂದು ಮೂಟೆ ಪುಸ್ತಕ ತಂದಿದ್ದರು. ಹಂಡೆ ಕಾಯಲು ಇಟ್ಟು ನಾನು ಸುಮ್ಮನೆ ಒಂದನ್ನು ತೆಗೆದೆ. ಕೆಂಪು ರಟ್ಟು, ಅಂಚಿನಲ್ಲಿ ಚಿನ್ನದ ಬಣ್ಣ ಮಾಸಿತ್ತು, ಅದೇ ಓದಲಾಗದ ಅಕ್ಷರ. ಒಳಗೆ ಒಂದು ಆಮೆ ಕಂಡಿತು. ಪುಟ ತಿರುವಿದರೆ ತೋಳ, ಕಾಗೆ. ಕಥೆಗಳು ಅವೇ, ಚಿತ್ರ ಬರೆದ ಕೈ ಬೇರೆ. ಇದರಲ್ಲಿ ಪ್ರಾಣಿಗಳೆಲ್ಲ ಎರಡು ಕಾಲಲ್ಲಿ ನಿಂತು ಕೋಟು ಹಾಕಿಕೊಂಡಿದ್ದವು, ಗೆರೆಗಳು ದಪ್ಪಗೆ ಕಪ್ಪಗೆ ಇದ್ದವು. ಹುಡುಕಿದೆ. ಸಿಕ್ಕಿತು. ಉದ್ದ ಕೋಟಿನ ನರಿ ತನ್ನ ಮನೆ ಬಾಗಿಲು ತೆಗೆದು, ಟೋಪಿಯನ್ನು ಎದೆಗೊತ್ತಿಕೊಂಡು ಬಗ್ಗಿದೆ. ಹೊಸ್ತಿಲಾಚೆ ಲಂಗ ತೊಟ್ಟ ಕೊಕ್ಕರೆ, ಕಂಕುಳಲ್ಲಿ ಛತ್ರಿ. ಆಗ ತಾನೇ ಬಂದು ನಿಂತಿದೆ. ನರಿ ನೆಕ್ಕುತ್ತಿಲ್ಲ. ಕೊಕ್ಕರೆ ಹಸಿದಿಲ್ಲ. ಇನ್ನೂ ಏನೂ ಆಗಿಲ್ಲ.

"ಸಾಹೇಬರೇ, ಹಂಡೆಗೆ ಎರಡು ಸಲ ಕಲಾಯಿ ಹಾಕ್ತೀನಿ, ಇದನ್ನ ಇಲ್ಲೇ ಬಿಟ್ಟು ಹೋಗಿ," ಎಂದೆ.

ಮರುಳಮ್ಮ ಎರಡು ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಬೆರಳು ಎರಡನೇ ಸಲ ಇಡಬಾರದು ಎಂದು ಯಾರೂ ಹೇಳಿರಲಿಲ್ಲ, ಯಾಕೆಂದರೆ ಎರಡನೇ ಪುಸ್ತಕ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಸುದ್ದಿ ಹಬ್ಬಿ ಅರ್ಧ ಊರು ಬಂದು ಸೇರಿತು. ಎಲ್ಲರಿಗೂ ತಮ್ಮ ಚಿತ್ರ ಬದಲಾಯಿಸಿಕೊಳ್ಳುವ ಆಸೆ. ಆದರೆ ಕುರಿಮರಿ ಚಿತ್ರದವರು ಹೊಸ ಪುಸ್ತಕ ನೋಡಿ ಬೆಚ್ಚಿಬಿದ್ದರು. ಹಳೆಯದರಲ್ಲಿ ತೋಳ ಇನ್ನೂ ಹೊಳೆಯ ಆಚೆ ನಿಂತು ಮಾತಾಡುತ್ತಿತ್ತು, ಇದರಲ್ಲಿ ಆಗಲೇ ಕತ್ತಿಗೆ ಬಾಯಿ ಹಾಕಿತ್ತು. ಕಪ್ಪೆಯಂತೂ ಇದರಲ್ಲಿ ಒಡೆದೇ ಹೋಗಿತ್ತು. ಒಬ್ಬೊಬ್ಬರಾಗಿ ಹಳೆಯದೇ ವಾಸಿ ಎಂದು ಮನೆಗೆ ನಡೆದರು. ಉಳಿದವರು ನಾವಿಬ್ಬರೇ.

ವನಜಾಕ್ಷಿ ಚಿತ್ರದ ಮೇಲೆ ಬಗ್ಗಿ, ಎಂದಿನಂತೆ ಮೂಲೆ ಮೂಲೆಯನ್ನೂ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು, "ಇಡೋಣವಾ?"

ನಾನು ಆಗಲೇ ಇಟ್ಟಿದ್ದೆ. ಅವಳೂ ಇಟ್ಟಳು. ಮರುಳಮ್ಮ ಒಳಗೆ ಹೋಗಿ ಒಂದು ಹಿಡಿ ಹುರಿಗಡಲೆ ತಂದು ವನಜಾಕ್ಷಿಯ ಕೈಗೆ ಹಾಕಿದರು. ನನಗೆ ಬೆನ್ನು ಮಾಡಿಕೊಂಡು ಅವಳು ಬಾಯಿಗೆ ಹಾಕಿಕೊಂಡಳು. ಇಳಿಯಿತು. ಅದು ಗೊತ್ತಾದದ್ದು ಅವಳು ಗೋಡೆಗೊರಗಿ ಅತ್ತಾಗ. ಸುದ್ದಿ ಕೇಳಿ ಬೀದಿಯವರೆಲ್ಲ ಮತ್ತೆ ಬಂದು ನನ್ನ ಬೆನ್ನು ತಟ್ಟಿ, "ಕೊನೆಗೂ ನರಿ ಬುದ್ಧಿ ತೋರಿಸಿಬಿಟ್ಟೆಯಲ್ಲೋ ದೊರೆ," ಎಂದರು.

ಮದುವೆಯ ದಿನ ಭೂಮದ ಊಟಕ್ಕೆ ನಮ್ಮನ್ನು ಜೋಡಿ ಎಲೆಯ ಮುಂದೆ ಕೂರಿಸಿದರು. ಗಂಡು ಹೆಣ್ಣು ಒಟ್ಟಿಗೆ ಉಣ್ಣುವ ಮೊದಲ ಊಟ, ಸುತ್ತ ನೆಂಟರ ಪಂಕ್ತಿ. ಪಲ್ಯದವನು ಸಾಲು ಹಿಡಿದು ಬಂದ, ನಮ್ಮ ಹತ್ತಿರ ಬರುವಾಗ ಬೋಗುಣಿ ಖಾಲಿಯಾಯಿತು. ತರುತ್ತೇನೆಂದು ಹೋದವನು ಬರಲಿಲ್ಲ. ಅನ್ನದವನನ್ನು ಯಾರೋ ಕೂಗಿದರು. ಪಾಯಸದವನು ಜಾರಿ ಬಿದ್ದ. ನಗು, ಗದ್ದಲ. ನೆಂಟರೆಲ್ಲ ಉಂಡು ಕೈ ತೊಳೆದು ಎಲೆ ಅಡಿಕೆ ಹಾಕಿಕೊಂಡರು. ನಾವಿಬ್ಬರೂ ನೀರು ಚಿಮುಕಿಸಿದ ಖಾಲಿ ಎಲೆಯ ಮುಂದೆ ಕೂತೇ ಇದ್ದೆವು. ಮರುಳಮ್ಮ ಎದ್ದು ಹೋಗಿ ಹೊಸ ಪುಸ್ತಕ ತಂದು ತೆರೆದರು. ಕನ್ನಡಕ ಹಣೆಗೇರಿಸಿ, ನರಿಯ ಬೆನ್ನ ಹಿಂದೆ ತೆರೆದ ಬಾಗಿಲೊಳಗೆ ಕಾಣುವ ಮೇಜನ್ನು ನನಗೆ ತೋರಿಸಿದರು. ಬಿಳಿ ಬಟ್ಟೆ ಹಾಸಿತ್ತು. ಕುರ್ಚಿ ಎರಡಿದ್ದವು. ಮೇಜಿನ ಮೇಲೆ ಏನೂ ಇರಲಿಲ್ಲ.

ನಾವು ಇದಕ್ಕೂ ಹೊಂದಿಕೊಂಡೆವು. ಒಂದೇ ಸೂರಿನಡಿ ಇದ್ದೆವು, ಅದೇ ದೊಡ್ಡದು. ಅವಳು ಅಡುಗೆಮನೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದಳು, ನಾನು ಮುಂದಿನ ಅಂಗಡಿಯಲ್ಲಿ ಉಣ್ಣುತ್ತಿದ್ದೆ. ಜೊತೆಗೆ ಕೂತರೆ ಮಾತ್ರ ಊಟ ಬರುತ್ತಿರಲಿಲ್ಲ. ಹಾಲು ಉಕ್ಕಿ ಒಲೆ ಆರುವುದು, ಕಲಾಯಿಯವನ ಮನೆಯಲ್ಲೇ ಅನ್ನದ ತಪ್ಪಲೆಯ ತಳ ಬಿಡುವುದು, ನೆಂಟರು ಬಂದು ಬಾಗಿಲು ತಟ್ಟುವುದು. ಬಡಿಸಲು ಕರೆದ ಪಕ್ಕದ ಮನೆ ಚಂದ್ರಮ್ಮ ಸಾರಿನ ಪಾತ್ರೆ ಹಿಡಿದು ಅಡುಗೆಮನೆ ಬಿಟ್ಟವಳು, ಕೋಳಿ ಗೂಡು ಮುಚ್ಚಿಲ್ಲವೆಂದು ನೆನಪಾಗಿ ಸಾರಿನ ಸಮೇತ ಹಿತ್ತಿಲ ಬಾಗಿಲಿನಿಂದ ಹೋಗಿಬಿಟ್ಟಳು. ಬಾಳೆಹಣ್ಣು ಸುಲಿದರೆ ಕೈಯಿಂದ ಜಾರುತ್ತಿತ್ತು. ಹಾಗಿದ್ದೂ ದಿನಾ ಮಧ್ಯಾಹ್ನ ವನಜಾಕ್ಷಿ ಎರಡು ಎಲೆ ಹಾಕುತ್ತಿದ್ದಳು. ಅರ್ಧ ಗಂಟೆ ಕೂರುತ್ತಿದ್ದೆವು. ಇವತ್ತು ಏನು ಬರಬಹುದು ಎಂದು ಮಾತಾಡುತ್ತಿದ್ದೆವು. ಅವಳು ಹುಳಿ ಅನ್ನುವಳು, ನಾನು ಮಜ್ಜಿಗೆಹುಳಿ ಅನ್ನುವೆ, ಇಲ್ಲದ ಹುಳಿಗೆ ಉಪ್ಪು ಜಾಸ್ತಿಯಾಯಿತೆಂದು ನಿಜವಾದ ಜಗಳ ಆಡಿದ್ದೂ ಇದೆ. ಮಕ್ಕಳಾಗಲಿಲ್ಲ. ಮರುಳಮ್ಮ ತೀರಿಕೊಂಡ ಮೇಲೆ ಪುಸ್ತಕಗಳನ್ನು ವನಜಾಕ್ಷಿಯೇ ಕಾದಳು, ಎಷ್ಟೋ ಮಕ್ಕಳ ಬೆರಳು ಇಳಿಸಿದಳು.

ಇಷ್ಟೆಲ್ಲ ಸಿಕ್ಕಿದವನಿಗೆ ಇನ್ನೇನು ಬೇಕು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಉಣ್ಣುವುದನ್ನು ನಾನು ಒಂದು ಸಲವೂ ನೋಡಿರಲಿಲ್ಲ. ಇಣುಕಿದರೆ ತುತ್ತು ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು. ಅವಳು ಅನ್ನ ಹೇಗೆ ಕಲಸುತ್ತಾಳೆ, ನಂಚಿಕೊಳ್ಳುವುದು ಮೊದಲೋ ಕೊನೆಗೋ, ಯಾವುದು ರುಚಿಯಾದರೆ ತಲೆ ಆಡಿಸುತ್ತಾಳೆ, ನನಗೆ ಗೊತ್ತಿಲ್ಲ. ನಾಚಿಕೆ ಬಿಟ್ಟು ಒಂದು ದಿನ ಚಂದ್ರಮ್ಮನನ್ನು ಕೇಳಿದೆ.

"ಅಕ್ಕನಾ? ಮೊಸರನ್ನ ಅಂದ್ರೆ ಪ್ರಾಣ ಕಣಣ್ಣ," ಎಂದಳು ಅವಳು. "ಕೈ ಇಷ್ಟಗಲ ಮಾಡಿ ಕಲಸ್ತಾರೆ. ತಿಂದಾದ್ಮೇಲೆ ಬೆರಳು ಒಂದೊಂದೇ ಚೀಪ್ತಾರೆ, ಕಿರುಬೆರಳೂ ಬಿಡಲ್ಲ. ಯಾಕೆ ಕೇಳ್ತೀರಿ?"

ಏನಿಲ್ಲ ಎಂದೆ. ಆದರೆ ಆ ಕಿರುಬೆರಳನ್ನು ನಾನು ನೋಡಬೇಕಾಗಿತ್ತು. ಪಕ್ಕದ ಮನೆಯವಳು ದಿನಾ ನೋಡುವುದನ್ನು ಕಟ್ಟಿಕೊಂಡ ಗಂಡ ಒಂದು ದಿನ ನೋಡಬೇಕೆನ್ನುವುದು ಅತಿಯಾಸೆಯೇ? ಆ ಮಧ್ಯಾಹ್ನ ಖಾಲಿ ಎಲೆಯ ಮುಂದೆ ಕೂತಾಗ ಸಿಟ್ಟಿನಲ್ಲಿ ಹೇಳಿದೆ, "ಅವತ್ತು ನಾನು ಆತುರ ಪಟ್ಟೆ ವನಜಾ. ಆ ಮೇಜು ನೋಡಿದ್ರೆ ಬೆರಳು ಇಡ್ತಾನೇ ಇರಲಿಲ್ಲ."

"ನಾನು ನೋಡಿದ್ದೆ," ಎಂದಳು ಅವಳು.

"ಏನು ನೋಡಿದ್ದೆ?"

"ಖಾಲಿ ಮೇಜು. ನನ್ನ ಕಣ್ಣಿಗೆ ಮೊದಲು ಬಿದ್ದಿದ್ದೇ ಅದು. ಬಾಗಿಲು ತೆಗೆದಿದೆಯಲ್ಲ, ಅಷ್ಟು ಸಾಕು ಅನ್ನಿಸ್ತು. ನಿಮಗೆ ಹೇಳಿದ್ರೆ ಇನ್ನೊಂದು ಪುಸ್ತಕ ಬರಲಿ ಅಂತ ಕಾಯ್ತಿದ್ರಿ. ನನಗೆ ಇನ್ನು ಕಾಯೋಕೆ ಆಗ್ತಿರಲಿಲ್ಲ ಕಣ್ರೀ."

ಅವತ್ತಿನಿಂದ ನಾನು ಗೊಣಗುವುದನ್ನು ಬಿಟ್ಟೆ. ಆಸೆ ಬಿಡಲಿಲ್ಲ. ದಿನಾ ಎಲೆಯ ಮುಂದೆ ಕೂತಾಗ, ಇವತ್ತು ಬಂದರೂ ಬರಬಹುದು ಎಂದು ಅಡುಗೆಮನೆಯ ಬಾಗಿಲು ನೋಡುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಅವಳಿಗೆ ಎದೆ ಕಟ್ಟಿತು. ಡಾಕ್ಟರು ಬಂದು ನೋಡಿ, ವಯಸ್ಸಾಯಿತು, ಬೆಚ್ಚಗಿಡಿ ಎಂದರು. ಚಂದ್ರಮ್ಮ ಎರಡು ಹೊತ್ತೂ ಬಂದು ಅಡುಗೆ ಮಾಡಿ, ನಾನು ಅಂಗಡಿಗೆ ಹೋದಾಗ ಅವಳಿಗೆ ಗಂಜಿ ಕುಡಿಸುತ್ತಿದ್ದಳು. ಮಧ್ಯಾಹ್ನ ಮಾತ್ರ ವನಜಾಕ್ಷಿಯ ಹಟ ತಪ್ಪುತ್ತಿರಲಿಲ್ಲ. ಹಾಸಿಗೆಯ ಪಕ್ಕದಲ್ಲೇ ನಾನು ಎರಡು ಎಲೆ ಹಾಕಬೇಕು, ಅವಳನ್ನು ಎತ್ತಿ ದಿಂಬಿಗೆ ಒರಗಿಸಬೇಕು, ನಾನು ಎದುರಿಗೆ ಕೂರಬೇಕು. ಹಾಗೇ ಮಾಡುತ್ತಿದ್ದೆ. ಚಂದ್ರಮ್ಮ ನಮ್ಮ ಸಮಾಧಾನಕ್ಕೆಂದು ಒಳಗಿನಿಂದ ಪಾತ್ರೆ ಹಿಡಿದು ಹೊರಡುವಳು, ಏನಾದರೊಂದು ಅಡ್ಡ ಬರುವುದು, ಮೂವರೂ ನಗುವೆವು.

ಅವತ್ತು ಬಿಸಿಲು ಚೆನ್ನಾಗಿತ್ತು. ಕಿಟಕಿಯಿಂದ ಬಂದು ಅವಳ ಕಾಲ ಮೇಲೆ ಬಿದ್ದಿತ್ತು. ಎಲೆಗೆ ನೀರು ಚಿಮುಕಿಸಿದೆ.

"ಇವತ್ತು ಏನಂತೆ?" ಎಂದಳು. ದನಿ ಬಹಳ ಸಣ್ಣಗಾಗಿತ್ತು.

"ನೀನೇ ಹೇಳು."

"ಅನ್ನ, ತೊವ್ವೆ. ಆಮೇಲೆ ಮೊಸರು," ಎಂದು ದಿಂಬಿಗೆ ತಲೆಯಿಟ್ಟಳು.

ತೊವ್ವೆಗೆ ನಿಂಬೆಹಣ್ಣು ಇರಬೇಕು, ಇಲ್ಲದಿದ್ದರೆ ನಾನು ಏಳುತ್ತೇನೆ ಎಂದು ನಾನು ಎಂದಿನಂತೆ ಜಗಳ ತೆಗೆದೆ. ನಮ್ಮ ಮೊದಲ ಜಗಳದ ಹುಳಿಯನ್ನು ನೆನಪು ಮಾಡಿ ಒಬ್ಬನೇ ನಗುತ್ತಿದ್ದೆ. ಅಷ್ಟರಲ್ಲಿ ಚಂದ್ರಮ್ಮ ಅನ್ನದ ತಪ್ಪಲೆ ಹಿಡಿದು ಅಡುಗೆಮನೆಯ ಹೊಸ್ತಿಲು ದಾಟಿದಳು. ಯಾರೂ ಬಾಗಿಲು ತಟ್ಟಲಿಲ್ಲ. ಅವಳ ಸೆರಗು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನಡುಮನೆ ದಾಟಿ ಬಂದಳು, ಬಗ್ಗಿದಳು, ನನ್ನ ಎಲೆಗೆ ಅನ್ನ ಬಡಿಸಿದಳು. ಹಬೆಯಾಡುವ ಅನ್ನ. ಆಮೇಲೆ ವನಜಾಕ್ಷಿಯ ಎಲೆಗೂ. ಚಂದ್ರಮ್ಮನಿಗೇ ನಂಬಲಾಗದೆ ಕೈಯಲ್ಲಿದ್ದ ಸೌಟನ್ನು ನೋಡಿಕೊಂಡಳು. ಬಾಳೆಲ್ಲ ಕಾದ ಊಟ ಬಂದಿತ್ತು, ಇನ್ನು ಅವಳು ಕೈ ಅಗಲ ಮಾಡಿ ಅನ್ನ ಕಲಸುವುದನ್ನು ನೋಡುವುದೊಂದೇ ಬಾಕಿ.

"ವನಜಾ, ಅನ್ನ ಬಂತು ಕಣೆ," ಎಂದೆ.

ಅವಳು ಎಲೆಯ ಕಡೆಗೆ ಮುಖ ಮಾಡಿ ಒರಗಿದ್ದಳು. ಕಣ್ಣು ಅರ್ಧ ತೆರೆದಿತ್ತು. ಎಲೆಯಿಂದ ಎದ್ದ ಹಬೆ ಅವಳ ಮುಖಕ್ಕೆ ಹೋಗಿ ತಾಗುತ್ತಿತ್ತು, ರೆಪ್ಪೆ ಅಲುಗಲಿಲ್ಲ. ಆ ಅನ್ನ ನಮ್ಮಿಬ್ಬರ ಊಟವಾಗಿ ಬಂದದ್ದಲ್ಲ, ನಾನೊಬ್ಬನೇ ಕೂತಿದ್ದೇನೆಂದು ಬಂದದ್ದು ಎಂದು ನನಗೆ ಆಗ ಗೊತ್ತಾಯಿತು. ಇಡೀ ಬಾಳು ಬೇಡಿಕೊಂಡದ್ದನ್ನು ಒಂದೇ ಉಸಿರಿನಲ್ಲಿ ಬೇಡವೆಂದೆ. ತಪ್ಪಲೆಯ ತಳ ಬಿಡಲಿ, ಯಾರಾದರೂ ಬಂದು ಬಾಗಿಲು ತಟ್ಟಲಿ ಎಂದು ಕಾದೆ. ಮನೆ ಸುಮ್ಮನಿತ್ತು.

ಚಂದ್ರಮ್ಮ ಒಳಗೆ ಓಡಿಹೋಗಿ ತುಪ್ಪದ ಗಿಂಡಿ ತಂದಿದ್ದಳು. ಅವಳಿಗಿನ್ನೂ ಏನೂ ಗೊತ್ತಾಗಿರಲಿಲ್ಲ.

"ಹಾಕಲಾ ಅಣ್ಣ?" ಎಂದಳು.

"ಹಾಕಮ್ಮ," ಎಂದೆ. "ಮೊದಲು ಅವಳಿಗೆ ಹಾಕು."